ಕಾಕಂಬಿಯಿಂದ ಬಣ್ಣ: ರೋಡೋಟೊರುಲಾ ಒಳ್ಳೆಯದಾ, ಫಾಫಿಯಾನಾ?

ಪುಣೆಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಶುರು ಮಾಡುವ ನಮ್ಮ ಕನ್ನಡದ ಹುಡುಗರಿಗೆ ಈ ಗೊಂದಲ ಇದ್ದದ್ದೇ. ಸಕ್ಕರೆ ಕಾರ್ಖಾನೆಯ ಕಾಕಂಬಿ ತಿಂದು ಬಣ್ಣ ಕೊಡುವ ಕೆಲಸ ಎರಡೂ ಯೀಸ್ಟ್ ಮಾಡುತ್ತವೆ.

ಫಾಫಿಯಾ ಕೊಡುವುದು ಅಸ್ಟಾಕ್ಸಾಂಥಿನ್ ಎಂಬ ಕೆಂಬಣ್ಣ. ಸಾಲ್ಮನ್ ಮೀನಿನ ಮಾಂಸಕ್ಕೆ ಕೆಂಬಣ್ಣ ಬರುವುದು ಇದರಿಂದಲೇ. ಬೆಲೆ ಜಾಸ್ತಿ, ಆಸೆಯಾಗುತ್ತದೆ, ಅಲ್ವಾ? ಆದರೆ ಫಾಫಿಯಾಕ್ಕೆ 20 ಡಿಗ್ರಿ ಆಸುಪಾಸಿನ ತಂಪು ಬೇಕು. ಪುಣೆಯ ಏಪ್ರಿಲ್‌ನಲ್ಲಿ ಕೂಲಿಂಗ್ ಇರುವ ಶೇಕರ್ (ಫ್ಲಾಸ್ಕ್ ಅಲುಗಾಡಿಸುವ ಯಂತ್ರ) ಇಲ್ಲದೆ ಸುಮ್ನೆ ಕೈ ಹಾಕಬೇಡಿ. ಸಕ್ಕರೆ ಜಾಸ್ತಿಯಾದರೆ ಬಣ್ಣದ ಬದಲು ಆಲ್ಕೋಹಾಲ್ ಮಾಡಲು ತೊಡಗುತ್ತದೆ. ಕಾಕಂಬಿಯನ್ನು ಚೆನ್ನಾಗಿ ತೆಳು ಮಾಡಿ, ಸ್ವಲ್ಪ ಸ್ವಲ್ಪವೇ ಹಾಕಬೇಕು.

ರೋಡೋಟೊರುಲಾಕ್ಕೆ 28–30 ಡಿಗ್ರಿ ಸಾಕು. ಕೆಲವೇ ದಿನಗಳಲ್ಲಿ ಪ್ಲೇಟಿನ ಮೇಲೆ ಹವಳದ ಬಣ್ಣದ ನುಣುಪು ಚುಕ್ಕೆಗಳು ಮೂಡುತ್ತವೆ. ನೋಡಲು ಎಷ್ಟು ಚೆಂದ! ಸಿಗುವುದು ಬೀಟಾ ಕ್ಯಾರೊಟಿನ್, ಟೊರುಲಿನ್, ಟೊರುಲಾರೋಡಿನ್ ಎಂಬ ಬಣ್ಣಗಳು. ಬೀಟಾ ಕ್ಯಾರೊಟಿನ್ ನಮ್ಮ ದೇಹದಲ್ಲಿ ವಿಟಮಿನ್ ಎ ಆಗುತ್ತದೆ. ಒಂದು ಎಚ್ಚರ: ರೋಡೋಟೊರುಲಾದ ಕೆಲವು ಜಾತಿಗಳು ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಸೋಂಕು ತರಬಲ್ಲವು.

ಎರಡರಲ್ಲೂ ಬಣ್ಣ ಕೋಶದ ಒಳಗೇ ಇರುತ್ತದೆ. ಗಟ್ಟಿ ಗೋಡೆ ಒಡೆದೇ ತೆಗೆಯಬೇಕು.

ಮೊದಲ ಸಲವಾದರೆ ನಾನು ಹೇಳುವುದು ರೋಡೋಟೊರುಲಾ. ತಳಿಗಾಗಿ ಪುಣೆಯ ಪಾಷಾಣ್ ಬಡಾವಣೆಯ ಎನ್‌ಸಿಎಲ್‌ನಲ್ಲಿರುವ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹದಲ್ಲಿ ವಿಚಾರಿಸಿ.