ಬ್ಯಾರಿ ಹ್ಯಾರಿಸ್ ಅವರ ಜಾಝ್ ತರಗತಿ: ವಿಡಿಯೊ ನೋಡಿ ಕಲಿಯಬಹುದೇ?

ಜಾಝ್ ಪಿಯಾನೊ ಕಲಿಸಿಕೊಡುವ ಚಂದಾ ಸೇವೆಯೊಂದಕ್ಕೆ ಇಡೀ ವರ್ಷ ಹಣ ಕಟ್ಟಿದ ಮೇಲೆ ನನ್ನಲ್ಲಿ ಉಳಿದದ್ದು ರಾಶಿ ಕಾರ್ಡುಗಳ, ಎಂದರೆ ಒಟ್ಟಿಗೆ ನುಡಿಸುವ ಮೂರು-ನಾಲ್ಕು ಸ್ವರಗಳ ಕಟ್ಟುಗಳ, ಹೆಸರು. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟುವುದು ಹೇಗೆಂದು ಆ ಪಾಠಗಳಲ್ಲಿ ಯಾರೂ ಹೇಳಿರಲಿಲ್ಲ. ಆ ಬೇಸರದಲ್ಲಿದ್ದಾಗ ಅಂತರ್ಜಾಲದಲ್ಲಿ ಕಣ್ಣಿಗೆ ಬಿದ್ದದ್ದು ಪಿಯಾನೊ ವಾದಕ ಬ್ಯಾರಿ ಹ್ಯಾರಿಸ್ ಅವರ ತರಗತಿಗಳ ವಿಡಿಯೊಗಳು. ಎಂಟು ತಿಂಗಳಿನಿಂದ, ಕೀಬೋರ್ಡನ್ನು ಮುಂದಿಟ್ಟುಕೊಂಡು ಅವುಗಳನ್ನು ನೋಡುತ್ತಿದ್ದೇನೆ. ಇವು ಉಚಿತವಾಗಿ ಸಿಗುತ್ತವೆ, ಆದರೆ ಸುಲಭದ ಪಾಠಗಳಲ್ಲ.

ಹ್ಯಾರಿಸ್ ಹುಟ್ಟಿದ್ದು 1929ರಲ್ಲಿ, ಡೆಟ್ರಾಯಿಟ್ ನಗರದಲ್ಲಿ. ಇಪ್ಪತ್ತರ ಹರೆಯದಲ್ಲಿಯೇ ಅವರ ಮನೆ ಆ ಊರಿನ ಹುಡುಗರಿಗೆ ಪಾಠಶಾಲೆಯಾಗಿತ್ತು. ಮುಂದೆ ಹೆಸರು ಮಾಡಿದ ಸ್ಯಾಕ್ಸೊಫೋನ್ ವಾದಕರಾದ ಜೋ ಹೆಂಡರ್ಸನ್ ಮತ್ತು ಚಾರ್ಲ್ಸ್ ಮ್ಯಾಕ್‌ಫರ್ಸನ್ ಇಬ್ಬರೂ ಅವರಲ್ಲಿ ಕಲಿತವರು. ನ್ಯೂಯಾರ್ಕಿಗೆ ಬಂದ ಮೇಲೂ ಕಲಿಸುವುದನ್ನು ಬಿಡಲಿಲ್ಲ. 1982ರಿಂದ 1987ರವರೆಗೆ ಮ್ಯಾನ್‌ಹ್ಯಾಟನ್ನಿನಲ್ಲಿ ‘ಜಾಝ್ ಕಲ್ಚರಲ್ ಥಿಯೇಟರ್’ ನಡೆಸಿದರು. ಅದು ಮುಚ್ಚಿದ ನಂತರವೂ ವಾರದ ತರಗತಿಗಳು ಬೇರೆ ಬೇರೆ ಜಾಗಗಳಲ್ಲಿ ಮುಂದುವರಿದವು. ಕೋವಿಡ್ ಕಾಲದಲ್ಲಿ ತರಗತಿ ಜೂಮ್‌ಗೆ ಬಂತು. 2021ರ ಡಿಸೆಂಬರ್ 8ರಂದು, 92 ತುಂಬಲು ಒಂದು ವಾರವಿರುವಾಗ, ಅದೇ ಕೋವಿಡ್‌ನಿಂದ ಅವರು ತೀರಿಕೊಂಡರು.

ವಿಡಿಯೊಗಳಲ್ಲಿ ಕಾಣುವ ತರಗತಿಗೆ ಸಂಗೀತಶಾಲೆಯ ಶಿಸ್ತಿನ ಸಾಲುಗಳಿಲ್ಲ. ಪಿಯಾನೊದ ಸುತ್ತ ಜನ ಮುತ್ತಿಕೊಂಡಿರುತ್ತಾರೆ. ಅವರಲ್ಲಿ ಹದಿಹರೆಯದವರಿದ್ದಾರೆ, ತಲೆ ನರೆತವರಿದ್ದಾರೆ, ಕಪ್ಪು ಅಮೆರಿಕನ್ನರ ಪಕ್ಕದಲ್ಲಿ ಯುರೋಪಿನವರೂ ಏಷ್ಯಾದವರೂ ಇದ್ದಾರೆ. ಗಾಯಕರು, ಗಿಟಾರ್ ನುಡಿಸುವವರು, ಸ್ಯಾಕ್ಸೊಫೋನ್ ಹಿಡಿದವರು, ಎಲ್ಲರಿಗೂ ಒಬ್ಬರೇ ಮೇಷ್ಟ್ರು. ಹ್ಯಾರಿಸ್ ಒಂದು ಸ್ವರಗುಚ್ಛವನ್ನು ಆಗಿಂದಾಗ್ಗೆ ಕಟ್ಟಿ ಬಾಯಲ್ಲಿ ಹಾಡುತ್ತಾರೆ, ತರಗತಿ ಅದನ್ನು ಹಿಂದಕ್ಕೆ ಒಪ್ಪಿಸಬೇಕು. ಕಾಗದದ ಮೇಲೆ ಏನೂ ಇರುವುದಿಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಪಾಠ ದಾಟುವ ಕ್ರಮ ನಮಗೇನೂ ಹೊಸದಲ್ಲವಾದ್ದರಿಂದ, ಸರಳೆ ವರಸೆ ಒಪ್ಪಿಸಿ ಬೆಳೆದವರಿಗೆ ಈ ದೃಶ್ಯ ಮೊದಲ ನೋಟಕ್ಕೇ ಪರಿಚಿತವೆನ್ನಿಸುತ್ತದೆ. ತಪ್ಪಿದವರ ಮೇಲೆ ಅವರು ರೇಗುವುದೂ ಉಂಟು, ಆದರೆ ರೇಗಿದ ಮೇಲೆ ಅದೇ ಸಾಲನ್ನು ಇನ್ನೊಮ್ಮೆ, ಅಗತ್ಯಬಿದ್ದರೆ ಮತ್ತೊಮ್ಮೆ, ಹಾಡಿ ತೋರಿಸುತ್ತಾರೆ. ಯಾರು ಎಲ್ಲಿಂದ ಬಂದವರೆಂಬುದು ಅಲ್ಲಿ ಮುಖ್ಯವಾದಂತೆ ಕಾಣುವುದಿಲ್ಲ. ಸ್ವರ ಬೀಟಿನ, ಎಂದರೆ ತಾಳದ ಏಟಿನ, ಮೇಲೆ ಬಿತ್ತೋ ಇಲ್ಲವೋ ಎಂಬುದಷ್ಟೇ ವಿಚಾರಣೆ.

ಈ ‘ಬೀಟಿನ ಮೇಲೆ’ ಎಂಬ ಮಾತು ನನಗೆ ಅರ್ಥವಾಗಲು ಎರಡು ವಾರ ಹಿಡಿಯಿತು. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳಿಗೆ ಎ ಇಂದ ಜಿ ವರೆಗಿನ ಅಕ್ಷರಗಳೇ ಹೆಸರು. ಜಿ ಸ್ವರದ ಮೇಲೆ ಕಟ್ಟಿದ ಜಿ ಸೆವೆಂತ್ ಎಂಬ ಕಾರ್ಡಿನ ಸ್ಕೇಲನ್ನು, ಎಂದರೆ ಸ್ವರಗಳ ಏಣಿಯನ್ನು, ಮೇಲಿನ ಜಿಯಿಂದ ಕೆಳಗಿನ ಜಿಗೆ ಇಳಿಸಿದರೆ ನಡುವೆ ಬರುವುದು ಏಳು ಹೆಜ್ಜೆ. ಬೀಟಿಗೆ ಎರಡು ಸ್ವರದಂತೆ ನುಡಿಸಿದಾಗ ಕೆಳಗಿನ ಜಿ ಬೀಟು ತಪ್ಪಿ ಎರಡು ಬೀಟಿನ ಮಧ್ಯೆ ಬೀಳುತ್ತದೆ. ಹ್ಯಾರಿಸ್ ಹೇಳುವ ಮದ್ದು ತುಂಬಾ ಸಣ್ಣದು: ಜಿ ಮತ್ತು ಎಫ್ ನಡುವೆ ಎಫ್ ಶಾರ್ಪ್ ಎಂಬ ಒಂದು ಅರ್ಧ ಸ್ವರವನ್ನು ಸೇರಿಸುವುದು. ಈಗ ಜಿ, ಎಫ್, ಡಿ, ಬಿ ಎಂಬ ಕಾರ್ಡಿನ ನಾಲ್ಕೂ ಸ್ವರಗಳು ನಾಲ್ಕು ಬೀಟುಗಳ ಮೇಲೆ ಕೂರುತ್ತವೆ, ಮುಂದಿನ ಆವರ್ತದ ಮೊದಲ ಬೀಟಿಗೆ ಸರಿಯಾಗಿ ಜಿ ಸಿಗುತ್ತದೆ. ಎಡಗೈಯಲ್ಲಿ ಮೇಜು ತಟ್ಟುತ್ತಾ ಬಲಗೈಯಲ್ಲಿ ಇದನ್ನು ನುಡಿಸಿದಾಗ, ಒಂದು ವರ್ಷ ಹಣ ಕಟ್ಟಿಯೂ ನನ್ನ ಬೆರಳಿಗೆ ಬಾರದಿದ್ದ ಆ ಜಾಝ್ ನಡಿಗೆ ಒಂದೇ ಸಂಜೆಯಲ್ಲಿ ಬಂತು. ಎಲ್ಲಿಂದ ಆರಂಭಿಸಿದರೆ ಎಷ್ಟು ಅರ್ಧ ಸ್ವರ ಬೇಕೆಂಬುದಕ್ಕೆ ಅವರಲ್ಲಿ ಪೂರ್ತಿ ನಿಯಮಗಳಿವೆ.

ಅವರ ಪದ್ಧತಿಯ ತಿರುಳು ಮಾತ್ರ ಬೇರೆ ಕಡೆ ಇದೆ. ಸಿ ಸಿಕ್ಸ್ತ್ ಕಾರ್ಡಿನ ಸಿ, ಇ, ಜಿ, ಎ ಎಂಬ ನಾಲ್ಕು ಸ್ವರಗಳಿಗೆ ಬಿ ಡಿಮಿನಿಶ್ಡ್ ಕಾರ್ಡಿನ ಬಿ, ಡಿ, ಎಫ್, ಎ ಫ್ಲ್ಯಾಟ್ (ಎಗಿಂತ ಅರ್ಧ ಸ್ವರ ಕೆಳಗಿನದು) ಸೇರಿಸಿದರೆ ಎಂಟು ಸ್ವರದ ಒಂದು ಸ್ಕೇಲ್ ಆಗುತ್ತದೆ. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾರ್ಡು ಹಿಡಿಯುತ್ತಾ ಹೋದರೆ ಒಮ್ಮೆ ಸಿಕ್ಸ್ತ್, ಒಮ್ಮೆ ಡಿಮಿನಿಶ್ಡ್, ಮತ್ತೆ ಸಿಕ್ಸ್ತ್, ಹೀಗೆ ನೆಲೆ ಮತ್ತು ಚಲನೆ ಸರದಿಯಂತೆ ಬರುತ್ತವೆ. ಕಾರ್ಡೆಂದರೆ ನಿಂತ ಕಲ್ಲಲ್ಲ, ಅದು ಸ್ಕೇಲಿನಿಂದ ಹುಟ್ಟಿ ಮುಂದಕ್ಕೆ ಸಾಗುವಂಥದ್ದು ಎಂಬುದು ಕೈಗೇ ತಿಳಿಯುತ್ತದೆ. ನಾನು ಹಣ ತೆತ್ತ ಸೇವೆಯಲ್ಲಿ ಇಲ್ಲದಿದ್ದದ್ದು ಇದೇ.

ಇನ್ನು ಕೊರತೆಗಳು. ಇವು ಕಲಿಯುವವರ ಅನುಕೂಲಕ್ಕೆಂದು ತಯಾರಿಸಿದ ಪಾಠಗಳಲ್ಲ, ತರಗತಿಯ ಮೂಲೆಯಿಂದ ಹಿಡಿದ ಚಿತ್ರಗಳು. ಕೆಲವದರಲ್ಲಿ ಧ್ವನಿ ಕೇಳದು, ಯಾರದೋ ಬೆನ್ನು ಅಡ್ಡ ಬಂದು ಕೀಗಳು ಕಾಣುವುದಿಲ್ಲ. ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮವಂತೂ ಇಲ್ಲವೇ ಇಲ್ಲ. ಹಿಂದಿನ ವಾರ ಏನೋ ಹೇಳಿದ್ದಾರೆಂದುಕೊಂಡು ಮಾತು ಶುರುವಾಗುತ್ತದೆ, ನಮಗೆ ಆ ಹಿಂದಿನ ವಾರ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ಮಿತಿಯೆಂದರೆ ಅವರ ಜಗತ್ತು ಚಾರ್ಲಿ ಪಾರ್ಕರ್, ಬಡ್ ಪೊವೆಲ್, ಥೆಲೋನಿಯಸ್ ಮಂಕ್ ಎಂಬ ವಾದಕರ ಬೀಬಾಪ್ ಸುತ್ತಲೇ, ಎಂದರೆ 1940ರ ದಶಕದ ವೇಗದ ಜಾಝ್ ಶೈಲಿಯ ಸುತ್ತಲೇ, ತಿರುಗುತ್ತದೆ. ಆಮೇಲೆ ಬಂದ ಮೋಡಲ್ ಜಾಝ್ ಅಥವಾ ಫ್ಯೂಶನ್ ಎಂಬ ಶೈಲಿಗಳನ್ನು ಕಲಿಯಬಯಸುವವರಿಗೆ ಇಲ್ಲಿ ಹೆಚ್ಚೇನೂ ದಕ್ಕುವುದಿಲ್ಲ. ಈ ಹಠ ನನಗೆ ಕೆಲವೊಮ್ಮೆ ಇಕ್ಕಟ್ಟೆನ್ನಿಸಿದೆ. ಆದರೂ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುವ ಮೇಷ್ಟ್ರಿಗಿಂತ ಒಂದನ್ನೇ ತಳಮುಟ್ಟ ಬಲ್ಲ ಮೇಷ್ಟ್ರು ಮೇಲು ಎಂಬ ಪಕ್ಷ ನನ್ನದು.

ಕ್ರಮವಾಗಿಯೇ ಕಲಿಯಬೇಕೆನ್ನುವವರಿಗೆ ಅವರ ಶಿಷ್ಯರಾದ, ಟೊರಾಂಟೊ ನಗರದ ಹೊವರ್ಡ್ ರೀಸ್ ಅವರು ಹ್ಯಾರಿಸ್ ಅವರೊಂದಿಗೆ ಸಿದ್ಧಪಡಿಸಿದ ವಿಡಿಯೊ ಮತ್ತು ಅಭ್ಯಾಸಪುಸ್ತಕದ ಜೋಡಿ ಇದೆ, ಅದಕ್ಕೆ ಹಣ ತೆರಬೇಕು. ಸಂಗೀತ ಬರಹ ಓದಲು ಬಾರದವರು ಅದನ್ನು ಕೊಳ್ಳುವ ಮುನ್ನ ಯೋಚಿಸುವುದು ಒಳ್ಳೆಯದು. ಸ್ಕೇಲ್ ಎಂದರೇನೆಂದೇ ತಿಳಿಯದವರು ಇವೆರಡಕ್ಕೂ ಕೈಹಾಕದೆ, ಮೊದಲು ಹತ್ತಿರದ ಶಿಕ್ಷಕರೊಬ್ಬರಲ್ಲಿ ಹನ್ನೆರಡು ಮೇಜರ್ ಸ್ಕೇಲುಗಳನ್ನು ಗಟ್ಟಿಮಾಡಿಕೊಂಡು ಬರಬೇಕು. ಅಷ್ಟು ಗೊತ್ತಿದ್ದವರು ಸ್ಕೇಲುಗಳನ್ನು ಕುರಿತ ವಿಡಿಯೊದಿಂದ ಆರಂಭಿಸಲಿ, ಅರ್ಧ ಸ್ವರದ ನಿಯಮ ಬಂದ ಕೂಡಲೇ ವಿಡಿಯೊ ನಿಲ್ಲಿಸಲಿ, ಹನ್ನೆರಡೂ ಶ್ರುತಿಗಳಲ್ಲಿ ಅದನ್ನು ನುಡಿಸಿದ ಮೇಲೆಯೇ ಮುಂದಿನ ನಿಮಿಷಕ್ಕೆ ಹೋಗಲಿ. ನಾನು ಎಂಟು ತಿಂಗಳಲ್ಲಿ ಒಂಬತ್ತು ಶ್ರುತಿಗಳನ್ನು ಮುಗಿಸಿದ್ದೇನೆ. ಎಫ್ ಶಾರ್ಪ್ ಇನ್ನೂ ಕೈಗೆ ಸಿಕ್ಕಿಲ್ಲ.