ಎಮರ್ಜೆನ್ಸಿ ಒತ್ತಿದರೆ ಝಡ್ ಜಾರುತ್ತಿತ್ತು: 750 ವ್ಯಾಟ್ ಸರ್ವೋ ಡ್ರೈವ್, ಮೂರು ವರ್ಷದ ಬಳಕೆ

ಮೋಟಾರಿನ ವೇಗ, ಸ್ಥಾನ ಹಿಡಿತದಲ್ಲಿಡುವ ಈ ಡ್ರೈವಿನ ಮೇಲೆ ಓಡುವಾಗ ದೂರಿಲ್ಲ. ವೇಗ, ನಿಖರತೆ, ಆಟೋ ಟ್ಯೂನಿಂಗ್ ಎಲ್ಲ ಕ್ಯಾಟಲಾಗ್‌ನಲ್ಲಿ ನೋಡಿಯೇ ಇರುತ್ತೀರಿ. ತಕರಾರೆಲ್ಲ ನಿಲ್ಲಿಸುವುದರಲ್ಲಿ. ತುಮಕೂರಿನ ವಸಂತನರಸಾಪುರದ ಶೆಡ್ಡೊಂದರಲ್ಲಿ ಡ್ರಿಲ್ಲಿಂಗ್ ಮೆಷಿನ್ನಿನ ಮೇಲೆ ಕೆಳಗೆ ಓಡುವ ಝಡ್ ಆಕ್ಸಿಸ್‌ಗೆ ಕೂರಿಸಿದ್ದು. ಸ್ಲೈಡ್, ಸ್ಪಿಂಡಲ್ ಸೇರಿ 20 ಕೆಜಿ, ಬಾಲ್ ಸ್ಕ್ರೂ ಲೀಡ್ (ಒಂದು ಸುತ್ತಿಗೆ ಸರಿಯುವ ದೂರ) 10 ಮಿ.ಮೀ., ಮೋಟಾರಿನಲ್ಲೇ ಬ್ರೇಕ್ ಇದೆ. ಆದರೂ ಎಮರ್ಜೆನ್ಸಿ ಬಟನ್ ಒತ್ತಿದಾಗಲೆಲ್ಲ ಸ್ಲೈಡ್ ಸುಮಾರು 9 ಮಿ.ಮೀ. ಕೆಳಗೆ ಜಾರುತ್ತಿತ್ತು. ಜಾಬ್ (ಕೊರೆಯುವ ತುಂಡು) ಮೇಲೆ ಡ್ರಿಲ್ ಇದ್ದರೆ ಅವತ್ತಿಗೆ ಆ ಡ್ರಿಲ್ಲಿನ ಕಥೆ ಮುಗಿಯಿತು.

ಮೊದಲು ಬೈಸಿಕೊಂಡದ್ದು ಬ್ರೇಕ್. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಕರೆಂಟ್ ತೆಗೆದು ಕಪ್ಲಿಂಗ್ ತಿರುಗಿಸಲು ನೋಡಿದರೆ ಒಂದಿಷ್ಟೂ ಅಲುಗದು. ಈ ಬ್ರೇಕ್ ಇರುವುದು ನಿಂತ ಶಾಫ್ಟನ್ನು ಹಿಡಿದಿಡಲು. ಓಡುವುದನ್ನು ನಿಲ್ಲಿಸಲು ಬಳಸಿದರೆ ಲೈನಿಂಗ್ ಸವೆದು ಹೋಗುತ್ತದೆ. ಬ್ರೇಕನ್ನು ಬಿಡಿಸಿ ಹಿಡಿಯುವ 24 ವೋಲ್ಟ್ ಹೋದ ಮೇಲೆ ಅದು ಪೂರ್ತಿ ಕಚ್ಚಲು 50ರಿಂದ 100 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಭಾರ ಹೊರಬೇಕಾದದ್ದು ಮೋಟಾರ್. ನಮ್ಮಲ್ಲಿ ಅದು ಮೊದಲೇ ಕೈಬಿಡುತ್ತಿತ್ತು.

ಒಂದು ಕಾರಣ ಡ್ರೈವಿನದೇ. ಸರ್ವೋ ಆಫ್ ಆದಾಗ ಬ್ರೇಕ್ ಕಚ್ಚುವವರೆಗೆ ಟಾರ್ಕ್ (ತಿರುಗಿಸುವ ಬಲ) ಬಿಡದಂತೆ ತಡೆಯುವ ಪ್ಯಾರಾಮೀಟರ್ ಫ್ಯಾಕ್ಟರಿಯಿಂದಲೇ ಸೊನ್ನೆಯಾಗಿ ಬರುತ್ತದೆ. ಮ್ಯಾನ್ಯುಯಲ್‌ನಲ್ಲಿ ಅದಕ್ಕೆ ಒಂದೇ ಒಂದು ಸಾಲು. ಈಗ 150 ಮಿಲಿಸೆಕೆಂಡ್ ಇಟ್ಟಿದೆ.

ಇನ್ನೆರಡು ತಪ್ಪು ಪ್ಯಾನಲ್‌ನಲ್ಲಿ ಸಿಕ್ಕವು. ಡ್ರೈವಿನ ಮೇಲಿನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಬ್ರೇಕ್ ಕಾಯಿಲ್‌ಗೆ ಅಡ್ಡಲಾಗಿ ಸಾದಾ ಡಯೋಡ್ ಹಾಕಿದ್ದರು. ರಿಲೇ ಬಿಟ್ಟರೂ ಕಾಯಿಲ್‌ನ ಕರೆಂಟ್ ಡಯೋಡ್ ಮೂಲಕ ಸುತ್ತುತ್ತಲೇ ಇರುತ್ತದೆ, ಬ್ರೇಕ್ ಇನ್ನಷ್ಟು ತಡವಾಗಿ ಕಚ್ಚುತ್ತದೆ. ಡಯೋಡ್ ಕಿತ್ತು, ಆ ಕರೆಂಟನ್ನು ಬೇಗ ಇಳಿಸುವ ವೇರಿಸ್ಟರ್ ಹಾಕಿದ ದಿನವೇ 9 ಮಿ.ಮೀ. ಜಾರುವುದು 3ಕ್ಕೆ ಇಳಿಯಿತು. ವೇರಿಸ್ಟರ್‌ನ ಬೆಲೆ ಕ್ಯಾತ್ಸಂದ್ರದಲ್ಲಿ ಒಂದು ಪ್ಲೇಟ್ ತಟ್ಟೆ ಇಡ್ಲಿಗೂ ಸಾಲದು.

ಉಳಿದ 3 ಮಿ.ಮೀ.ಗೆ ಕಾರಣ, ಎಮರ್ಜೆನ್ಸಿ ಬಟನ್ ನೇರವಾಗಿ ಎಸ್‌ಟಿಒ ಟರ್ಮಿನಲ್‌ಗೆ ಹೋಗಿದ್ದದ್ದು. ಎಸ್‌ಟಿಒ (ಸೇಫ್ ಟಾರ್ಕ್ ಆಫ್) ಎಂದರೆ ಟಾರ್ಕ್ ಆ ಕ್ಷಣವೇ ಬಂದ್. ಮೇಲೆ ಹೇಳಿದ ಪ್ಯಾರಾಮೀಟರನ್ನು ಅದು ಕೇಳುವುದೂ ಇಲ್ಲ, ಹಾಗಾಗಿ ಅದೊಂದನ್ನೇ ಬದಲಿಸಿದ್ದರೆ ಸಾಲುತ್ತಿರಲಿಲ್ಲ. ಮೆಷಿನ್‌ಗಳ ವಿದ್ಯುತ್ ಸುರಕ್ಷತೆಯ ಮಾನದಂಡ ಐಇಸಿ 60204-1ರ ಲೆಕ್ಕದಲ್ಲಿ ಇದು ಸ್ಟಾಪ್ ಕೆಟಗರಿ 0. ನೇತಾಡುವ ಭಾರಕ್ಕೆ ಬೇಕಾದದ್ದು ಕೆಟಗರಿ 1: ಮೊದಲು ನಿಲ್ಲಿಸು, ಆಮೇಲೆ ಟಾರ್ಕ್ ತೆಗೆ. ಇದಕ್ಕೆ ಟೈಮ್ ಡಿಲೇ ಇರುವ ಸೇಫ್ಟಿ ರಿಲೇ ಬೇಕು. ಅದರ ತಕ್ಷಣದ ಕಾಂಟ್ಯಾಕ್ಟ್ ಡ್ರೈವಿಗೆ ನಿಲ್ಲು ಎನ್ನುತ್ತದೆ, ತಡವಾಗಿ ಬಿಡುವ ಎರಡು ಕಾಂಟ್ಯಾಕ್ಟ್ ಎಸ್‌ಟಿಒದ ಎರಡೂ ಚಾನಲ್‌ ತೆಗೆಯುತ್ತವೆ. ಇಲ್ಲಿ ವೇಗ ಇಳಿಯಲು 200, ಬ್ರೇಕಿಗೆ 150 ಮಿಲಿಸೆಕೆಂಡ್; ಹಾಗಾಗಿ ರಿಲೇ ಅರ್ಧ ಸೆಕೆಂಡಿಗೆ. ಈಗ ಡಯಲ್ ಗೇಜ್ ಇಟ್ಟರೆ ಮುಳ್ಳು ತುಸು ನಡುಗುತ್ತದೆ, ಅಷ್ಟೇ. ಡ್ರೈವಿಗೆ ಐದಕ್ಕೆ ನಾಲ್ಕು ಕೊಡಬಹುದು. ಕಳೆದದ್ದು ಆ ಸೊನ್ನೆಗೆ.

ಹೊಸಬರು ಒಂದು ನೋಡಿಕೊಳ್ಳಿ: ಎಸ್‌ಟಿಒ ಕನೆಕ್ಟರ್‌ಗೆ ಡಬ್ಬದಲ್ಲೇ ಜಂಪರ್ ಪ್ಲಗ್ ಹಾಕಿ ಕಳಿಸುತ್ತಾರೆ. ಅದನ್ನು ತೆಗೆಯದೆ ಬಿಟ್ಟರೆ ಎಸ್‌ಟಿಒ ಇದ್ದೂ ಇಲ್ಲದ ಹಾಗೆ.

ಬೆಳಿಗ್ಗೆ ಶುರು ಮಾಡುವುದು ಮಾತ್ರ ಖುಷಿಯ ಕೆಲಸ. ಮೊದಲು ಕಂಟ್ರೋಲ್ ಪವರ್. ಡಿಸ್‌ಪ್ಲೇ ಎಚ್ಚರವಾಗಿ ಅಲಾರಂ ಇಲ್ಲವೆಂದು ತೋರಿಸಲಿ. ಆಮೇಲೆ ಮೇನ್. ಚಾರ್ಜ್ ದೀಪ ಹೊತ್ತಿ, ಡಿಸಿ ಬಸ್ (ಡ್ರೈವಿನೊಳಗಿನ ಡಿಸಿ ಸಪ್ಲೈ) 325 ವೋಲ್ಟಿನ ಆಸುಪಾಸಿಗೆ ಬರುತ್ತದೆ. ಸರ್ವೋ ಆನ್ ಕೊಟ್ಟಾಗ ಮೋಟಾರ್ ಸಣ್ಣಗೆ ಗುಂಯ್ ಎನ್ನಬೇಕು, ಅದರ ಹಿಂದೆಯೇ ಬ್ರೇಕ್ ಟಕ್ ಎಂದು ಬಿಡಬೇಕು. ಟಕ್ ಮೊದಲು ಕೇಳಿದರೆ ಹೋಮಿಂಗ್ (ಆಕ್ಸಿಸನ್ನು ಶುರುವಿನ ಜಾಗಕ್ಕೆ ಒಯ್ಯುವುದು) ಮಾಡಬೇಡಿ, ಬ್ರೇಕ್ ರಿಲೇಯ ವೈರಿಂಗ್ ನೋಡಿ. ಸಂಜೆ ಎಲ್ಲ ತಿರುಗಾಮುರುಗಾ: ಸ್ಲೈಡನ್ನು ಮರದ ದಿಮ್ಮಿಯ ಮೇಲೆ ಇಳಿಸಿ, ಸರ್ವೋ ಆಫ್, ಟಕ್, ಮೇನ್ ಆಫ್, ಕೊನೆಗೆ ಕಂಟ್ರೋಲ್.

ಟೀ ಬ್ರೇಕಿಗೆ ಎಂಸಿಬಿ ಇಳಿಸಿ ಬಂದ ಕೂಡಲೇ ಏರಿಸುವ ಅಭ್ಯಾಸ ಇರುವ ಶೆಡ್‌ಗಳಿಗೆ ಈ ಡ್ರೈವ್ ಒಗ್ಗದು. ಪ್ರತಿ ಸಲವೂ ಕೆಪಾಸಿಟರ್ ತುಂಬುವ ಕರೆಂಟ್ ಒಳಗಿನ ರೆಸಿಸ್ಟರ್ ಮೂಲಕ ಹೋಗಿ ಅದು ಬಿಸಿಯಾಗುತ್ತದೆ. ಬಿಡುವಿಗೆ ಸರ್ವೋ ಆಫ್ ಸಾಕು. ಕವರ್ ಬಿಚ್ಚುವ ಮುನ್ನ ಮಾತ್ರ ಮೇನ್ ಇಳಿಸಿ, ಮ್ಯಾನ್ಯುಯಲ್ ಹೇಳಿದಷ್ಟು ನಿಮಿಷ ಕಾದು, ದೀಪ ಆರಿದರೂ ನಂಬದೆ ಬಸ್ ಟರ್ಮಿನಲ್‌ಗೆ ಮೀಟರ್ ಹಿಡಿಯಿರಿ. ಎಸ್‌ಟಿಒ ಟಾರ್ಕ್ ತೆಗೆಯುತ್ತದೆಯೇ ಹೊರತು ವೋಲ್ಟೇಜ್ ತೆಗೆಯುವುದಿಲ್ಲ.

ಕರೆಂಟ್ ದಿಢೀರನೆ ಹೋದಾಗ ಸ್ಲೈಡ್ ಈಗಲೂ ಒಂದೆರಡು ಮಿ.ಮೀ. ಇಳಿಯುತ್ತದೆ. ಅದಕ್ಕೆ ಸ್ಲೈಡಿನ ಕೆಳಗೆ ಕೈ ಹಾಕುವಾಗ ಮರದ ದಿಮ್ಮಿ ಇಟ್ಟೇ ಕೈ ಹಾಕುವುದು.