ಅರಿಶಿನದಲ್ಲಿ ಸೀಸ, ಕೆಂಪು ಮಣ್ಣಿನಲ್ಲಿ ಸೀಸ: ಐಸಿಪಿಯಲ್ಲಿ ನಾಲ್ಕು ಬಗೆಯಲ್ಲಿ ಅಳೆದು ನೋಡಿದೆ

ಸ್ಯಾಂಪಲ್ ಸ್ವಲ್ಪ ಗೋಜಲಾಗಿದ್ದರೆ ಸಾಕು, 'ಸ್ಟ್ಯಾಂಡರ್ಡ್ ಅಡಿಷನ್ ಮಾಡಿಬಿಡು, ಅದು ತಪ್ಪೋದೇ ಇಲ್ಲ' ಅನ್ನುತ್ತಾರೆ. ಸ್ಯಾಂಪಲ್ಲಿಗೇ ಗೊತ್ತಿರುವಷ್ಟು ಸೀಸ ಸೇರಿಸಿ ಅಳೆಯುವ ವಿಧಾನ ಅದು. ಎಂಎಸ್ಸಿ ಓದುವಾಗಿನಿಂದ ಈ ಮಾತು ಕೇಳುತ್ತಾ ಬಂದಿದ್ದೇನೆ, ನಂಬಿಯೂ ಇದ್ದೆ. ಒಂದೇ ವಾರದಲ್ಲಿ ಎರಡು ಸ್ಯಾಂಪಲ್ ಇಟ್ಟುಕೊಂಡು, ಐಸಿಪಿಯಲ್ಲಿ (ದ್ರಾವಣವನ್ನು ತುಂಬಾ ಬಿಸಿಯಾದ ಪ್ಲಾಸ್ಮಾಕ್ಕೆ ಬಿಟ್ಟು, ಒಂದೊಂದು ಲೋಹ ಚೆಲ್ಲುವ ಬೆಳಕನ್ನು ಅಳೆಯುವ ಯಂತ್ರ) ಸೀಸ ಅಳೆಯುವ ನಾಲ್ಕೂ ವಿಧಾನ ಮಾಡಿ ನೋಡಿದ ಮೇಲೆ ಅದನ್ನು ಅರ್ಧ ಮಾತ್ರ ನಂಬುತ್ತೇನೆ.

ಒಂದು ಚಾಮರಾಜನಗರ ಕಡೆಯ ಅರಿಶಿನದ ಪುಡಿ, ಇನ್ನೊಂದು ಅದು ಬೆಳೆದ ಹೊಲದ ಕೆಂಪು ಮಣ್ಣು. ಎರಡನ್ನೂ ಅರ್ಧ ಗ್ರಾಂ ತೂಗಿ ಮೈಕ್ರೋವೇವ್ ಡೈಜೆಸ್ಟರ್‌ನಲ್ಲಿ ಕರಗಿಸಿದೆ. ಅರಿಶಿನಕ್ಕೆ ನೈಟ್ರಿಕ್ ಆಸಿಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್, ಮಣ್ಣಿಗೆ ಆಕ್ವಾ ರೀಜಿಯಾ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಸಿಡ್‌ಗಳ ಮಿಶ್ರಣ). ಆಮೇಲೆ 50 ಮಿಲಿಗೆ ಮೇಕಪ್ ಮಾಡಿದೆ, ಅಂದರೆ ನೂರು ಪಟ್ಟು ತೆಳುವಾಯಿತು. ಅರಿಶಿನದ ಪುಡಿಗೆ ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಸೀಸದ ಮಿತಿ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಭಾಗ), ಹಾಗಾಗಿ ಯಂತ್ರದ ಮುಂದೆ ಹೋಗುವ ದ್ರಾವಣದಲ್ಲಿ ಅದು 100 ಪಿಪಿಬಿ (ನೂರು ಕೋಟಿಯಲ್ಲಿ ನೂರು ಭಾಗ). ಐಸಿಪಿ-ಒಇಎಸ್‌ಗೆ ಇಷ್ಟು ಸೀಸ ಕಾಣಿಸುವುದು ಕಷ್ಟವಲ್ಲ. ಕಾಟ ಕೊಡುವುದು ಜೊತೆಗಿರುವ ಲೋಹಗಳು. ಅರಿಶಿನದಲ್ಲಿ ಪೊಟ್ಯಾಸಿಯಂ ಸುಮಾರು ಶೇ 2, ದ್ರಾವಣದಲ್ಲಿ ಅದೇ 200 ಪಿಪಿಎಂ ಆಗುತ್ತದೆ. ಮಣ್ಣಿನ ದ್ರಾವಣದಲ್ಲಂತೂ ಅಲ್ಯೂಮಿನಿಯಂ ಸುಮಾರು 300 ಪಿಪಿಎಂ, ಕಬ್ಬಿಣ 400 ಪಿಪಿಎಂ ಬಂತು. ಸೀಸ ಇವುಗಳ ಮುಂದೆ ಎಷ್ಟರದು ಹೇಳಿ.

ಸೀಸಕ್ಕೆ 220.353 ನ್ಯಾನೋಮೀಟರ್ ಗೆರೆ, ಅಂದರೆ ಸೀಸ ಚೆಲ್ಲುವ ಆ ಒಂದು ತರಂಗಾಂತರದ ಬೆಳಕು, ಹಿಡಿದೆ. ಆಕ್ಸಿಯಲ್ ನೋಟ, ಅಂದರೆ ಪ್ಲಾಸ್ಮಾವನ್ನು ಉದ್ದಕ್ಕೆ ನೋಡುವುದು. ರೇಡಿಯಲ್‌ನಲ್ಲಿ ಅಡ್ಡಕ್ಕೆ ನೋಡಿದರೆ ಕಾಟ ಕಡಿಮೆ, ಆದರೆ ಇಷ್ಟು ಕಡಿಮೆ ಸೀಸಕ್ಕೆ ಸಿಗ್ನಲ್ ಸಾಲುವುದಿಲ್ಲ. ಪೊಟ್ಯಾಸಿಯಂ, ಕ್ಯಾಲ್ಸಿಯಂ ಓದಲು ರೇಡಿಯಲ್ ಇಟ್ಟುಕೊಳ್ಳಿ.

ಮೊದಲು ಎಲ್ಲರೂ ಮಾಡುವ ಸಾದಾ ಕ್ಯಾಲಿಬ್ರೇಷನ್. ಬರೀ ಆಸಿಡ್‌ನಲ್ಲಿ ಸ್ಟ್ಯಾಂಡರ್ಡ್ (ಸೀಸ ಎಷ್ಟಿದೆ ಅಂತ ಗೊತ್ತಿರುವ ದ್ರಾವಣ) ಮಾಡಿ ಗ್ರಾಫಿನಲ್ಲಿ ಗೆರೆ ಎಳೆಯುವುದು. ಅರಿಶಿನ 1.9 ಪಿಪಿಎಂ ತೋರಿಸಿತು, ಸ್ಪೈಕ್ ಹಾಕಿದರೆ, ಅಂದರೆ ಗೊತ್ತಿರುವಷ್ಟು ಸೀಸ ಸೇರಿಸಿ ಅದರಲ್ಲಿ ಎಷ್ಟು ವಾಪಸ್ ಸಿಕ್ಕಿತು ಅಂತ ನೋಡಿದರೆ, ರಿಕವರಿ ಶೇ 91. ಪರವಾಗಿಲ್ಲ ಅನ್ನಬಹುದು. ಮಣ್ಣು 17.2 ತೋರಿಸಿತು, ರಿಕವರಿ ಶೇ 88. ಅಂದರೆ ಮಣ್ಣಿನ ದ್ರಾವಣದಲ್ಲಿ ಸೀಸದ ಬೆಳಕು ಶೇ 12ರಷ್ಟು ಅಡಗುತ್ತಿದೆ.

ಅಡಗುತ್ತಿದೆ ಅಂದಮೇಲೆ ಇಂಟರ್ನಲ್ ಸ್ಟ್ಯಾಂಡರ್ಡ್ (ಎಲ್ಲ ದ್ರಾವಣಕ್ಕೂ ಒಂದೇ ಸಮ ಬೆರೆಸಿ, ಅದು ಎಷ್ಟು ಕುಸಿಯಿತು ಅಂತ ನೋಡಿ ಲೆಕ್ಕ ತಿದ್ದುವ ಬೇರೊಂದು ಲೋಹ) ಹಾಕಿದರೆ ಸರಿಹೋಗಬೇಕು, ಅಲ್ವಾ? ಇಟ್ರಿಯಂ ಹಾಕಿದೆ, 371.029 ಗೆರೆ. ಪಂಪಿನ ಟ್ಯೂಬಿಗೆ ಟೀ ಜೋಡಿಸಿ ಎಲ್ಲ ದ್ರಾವಣಕ್ಕೂ ಒಂದೇ ಸಮ ಬೆರೆಸಿದೆ. ನೆಬ್ಯುಲೈಜರ್‌ಗೆ (ದ್ರಾವಣವನ್ನು ಮಂಜು ಮಾಡುವ ಭಾಗ) ದ್ರಾವಣ ನಿಧಾನ ಹೋದರೂ, ಉಪ್ಪು ಜಾಸ್ತಿಯಾಗಿ ಮಂಜು ಕಡಿಮೆಯಾದರೂ ಇಟ್ರಿಯಂ ಅದನ್ನು ಸರಿಯಾಗಿ ಹಿಡಿಯುತ್ತದೆ. ಆದರೆ ಪ್ಲಾಸ್ಮಾದ ಒಳಗೆ ಸೀಸಕ್ಕೆ ಆಗುವುದೇ ಇಟ್ರಿಯಂಗೂ ಆಗುತ್ತದೆ ಅಂತ ಏನೂ ಇಲ್ಲ. ಮಣ್ಣಿನಲ್ಲಿ ಇಟ್ರಿಯಂ ಶೇ 7 ಕುಸಿದಿತ್ತು, ಸೀಸ ಶೇ 12. ಅರ್ಧ ದಾರಿಗೆ ಬಿಟ್ಟಿತು. ಇನ್ನೊಂದು ವಿಷಯ, ಮಣ್ಣಿನಲ್ಲಿ ಇಟ್ರಿಯಂ ತಾನಾಗಿಯೇ ಇರುತ್ತದೆ. ನೀವು ಬೆರೆಸಿದ್ದು ಕಡಿಮೆಯಾದರೆ ಮಣ್ಣಿನದೂ ಸೇರಿ ಲೆಕ್ಕ ಕೆಡುತ್ತದೆ. ಇಟ್ರಿಯಂ ಬೆರೆಸದೆ ಒಮ್ಮೆ ಮಣ್ಣನ್ನು ಓಡಿಸಿ ನೋಡಿಯೇ ಮುಂದುವರಿಯಿರಿ.

ಇನ್ನು ಸ್ಟ್ಯಾಂಡರ್ಡ್ ಅಡಿಷನ್. ಸ್ಯಾಂಪಲ್ಲನ್ನೇ ನಾಲ್ಕು ಪಾಲು ಮಾಡಿ 0, 50, 100, 200 ಪಿಪಿಬಿ ಸೀಸ ಸೇರಿಸಿ, ಬಂದ ಗೆರೆಯನ್ನು ಸಿಗ್ನಲ್ ಸೊನ್ನೆಯಾಗುವವರೆಗೆ ಹಿಂದಕ್ಕೆ ಎಳೆಯುವುದು. ಒಂದು ಸ್ಯಾಂಪಲ್ ನಾಲ್ಕಾಗುತ್ತದೆ. ಪ್ಲಾಸ್ಮಾಕ್ಕೆ ಬೇಕಾದ ಆರ್ಗಾನ್ ಅನಿಲ ನಿಮಿಷಕ್ಕೆ ಹದಿನೈದು ಲೀಟರಿನ ಮೇಲೇ ಹೋಗುತ್ತದೆ, 7 ಕ್ಯೂಬಿಕ್ ಮೀಟರಿನ ಒಂದು ಸಿಲಿಂಡರ್ ಒಂದು ಹಗಲಿಗೆ ಮುಗಿಯುತ್ತದೆ. ಆದರೂ ಅರಿಶಿನಕ್ಕೆ ಚೆನ್ನಾಗಿ ಬಂತು: 2.1 ಪಿಪಿಎಂ.

ಮಣ್ಣಿಗೆ 19.5 ಬಂತು. ಗೆರೆ ನೇರವಾಗಿತ್ತು, ನಾಲ್ಕೂ ಚುಕ್ಕೆ ಅದರ ಮೇಲೇ ಕೂತಿದ್ದವು. ನೋಡಿದವರು ಇದೇ ಸರಿಯಾದ ಉತ್ತರ ಅನ್ನುವಂತಿತ್ತು. ನಾನೂ ಅನ್ನುತ್ತಿದ್ದೆನೇನೋ, ಸುಮ್ನೆ ಒಮ್ಮೆ ಪೀಕಿನ (ಆ ತರಂಗಾಂತರದಲ್ಲಿ ಬೆಳಕು ಏರಿ ಇಳಿಯುವ ಗುಡ್ಡದ) ಚಿತ್ರ ತೆಗೆದು ನೋಡದೇ ಇದ್ದಿದ್ದರೆ. ಪೀಕಿನ ಕೆಳಗಿನ ನೆಲ ಸಮವಾಗಿರಲಿಲ್ಲ, ಒಂದು ಕಡೆಗೆ ಏರಿತ್ತು. ಅದು ಅಲ್ಯೂಮಿನಿಯಂ. 220.353ರ ಪಕ್ಕದಲ್ಲಿ ಅದರ ಅಗಲವಾದ ಬೆಳಕು ಹರಡಿಕೊಂಡಿರುತ್ತದೆ. 300 ಪಿಪಿಎಂ ಶುದ್ಧ ಅಲ್ಯೂಮಿನಿಯಂ ದ್ರಾವಣವನ್ನು ಸೀಸ ಹಾಕದೆ ಓಡಿಸಿದೆ. ಸಾದಾ ಕ್ಯಾಲಿಬ್ರೇಷನ್‌ನಲ್ಲಿ ಯಂತ್ರ 40 ಪಿಪಿಬಿ 'ಸೀಸ' ಇದೆ ಅಂದಿತು. ಆ ದ್ರಾವಣದಲ್ಲೇ ಸೀಸ ಬೆರೆತಿರಬಹುದು ಅನ್ನುವ ಅನುಮಾನ ಬರಬೇಕು, ಬಂತು. ಆದರೆ ಅಲ್ಲಿ ಸೀಸದ ಚೂಪು ಪೀಕ್ ಇರಲಿಲ್ಲ, ಇಳಿಜಾರು ಮಾತ್ರ ಇತ್ತು.

ಈಗ ಲೆಕ್ಕ ನೋಡಿ. ಸಾದಾ ವಿಧಾನ ಕೊಟ್ಟ 17.2 ಪಿಪಿಎಂ ಅಂದರೆ ದ್ರಾವಣದಲ್ಲಿ 172 ಪಿಪಿಬಿ. ಅದರಲ್ಲಿ 40 ಅಲ್ಯೂಮಿನಿಯಂನದು, ಉಳಿದದ್ದು 132. ಅದನ್ನು 0.88ರಿಂದ ಭಾಗಿಸಿದರೆ 150, ಅಂದರೆ ಮಣ್ಣಿನಲ್ಲಿ ಸೀಸ 15 ಪಿಪಿಎಂ. ಸ್ಟ್ಯಾಂಡರ್ಡ್ ಅಡಿಷನ್ ಅಡಗಿದ ಬೆಳಕನ್ನು ಮಾತ್ರ ಎತ್ತಿ ಕೊಟ್ಟಿತು. ಮೇಲೆ ಕೂತಿದ್ದ ಸುಳ್ಳು ಬೆಳಕನ್ನು ಇಳಿಸಲಿಲ್ಲ, ಅದನ್ನೂ ಸೇರಿಸಿಯೇ ಎತ್ತಿತು. ಸೀಸ ಎಷ್ಟು ಸೇರಿಸಿದರೂ ಆ 40 ನಾಲ್ಕೂ ಪಾಲಿನಲ್ಲಿ ಒಂದೇ ಸಮ ಇರುತ್ತದೆ, ಹಾಗಾಗಿ ಗೆರೆಯ ಓರೆಯಲ್ಲಿ ಅದು ಕಾಣಿಸುವುದೇ ಇಲ್ಲ. ಸಾದಾ ವಿಧಾನದಲ್ಲಿ ಒಂದು ತಪ್ಪು ಕೆಳಗೆ, ಒಂದು ಮೇಲೆ ಎಳೆದು 17.2ಕ್ಕೆ ನಿಂತಿತ್ತು. ಎರಡು ತಪ್ಪಿನಲ್ಲಿ ಒಂದನ್ನು ಮಾತ್ರ ತಿದ್ದಿದ್ದಕ್ಕೆ ಉತ್ತರ ಇನ್ನೂ ದೂರ ಹೋಯಿತು. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ, ಹಿಂದೆ ಸಹಿ ಹಾಕಿ ಕಳಿಸಿದ ಮಣ್ಣಿನ ವರದಿಗಳೆಲ್ಲ ತಲೆಯಲ್ಲಿ ಓಡುತ್ತಿದ್ದವು.

ನಾಲ್ಕನೆಯದು ಮ್ಯಾಟ್ರಿಕ್ಸ್ ಮ್ಯಾಚಿಂಗ್. ಸ್ಟ್ಯಾಂಡರ್ಡ್‌ಗೂ ಬ್ಲ್ಯಾಂಕಿಗೂ (ಸೀಸ ಹಾಕದ ದ್ರಾವಣ) ಸ್ಯಾಂಪಲ್‌ನಲ್ಲಿರುವಷ್ಟೇ ಅಲ್ಯೂಮಿನಿಯಂ, ಅಷ್ಟೇ ಕಬ್ಬಿಣ ಬೆರೆಸುವುದು. ಬ್ಲ್ಯಾಂಕಿಗೆ ಮರೆಯದೆ ಹಾಕಬೇಕು, ಇಳಿಜಾರು ಕಳೆಯುವುದು ಅಲ್ಲೇ. ಮಣ್ಣು 15.1 ಕೊಟ್ಟಿತು. ಅರಿಶಿನಕ್ಕೆ 200 ಪಿಪಿಎಂ ಪೊಟ್ಯಾಸಿಯಂ, ತಲಾ 20 ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಾಕಿದೆ, 2.1 ಬಂತು, ರಿಕವರಿ ಶೇ 98. ಕಷ್ಟ ಏನೆಂದರೆ ಪಕ್ಕದ ಹೊಲದ ಮಣ್ಣು ಬಂದರೆ ಅಲ್ಯೂಮಿನಿಯಂ ಬೇರೆ, ಮತ್ತೆ ಮೊದಲಿನಿಂದ ಬೆರೆಸಬೇಕು. ಬೆರೆಸುವ ಲೋಹದಲ್ಲೇ ಸೀಸವಿದ್ದರೆ ಎಲ್ಲ ಹೋಯಿತು, ಆ ಲೋಹಗಳ ಅಗ್ಗದ ಲವಣ ತರಬೇಡಿ.

1860ರಲ್ಲಿ ಬುನ್ಸೆನ್ ಮತ್ತು ಕಿರ್ಚಾಫ್ ಡ್ಯುರ್ಕ್‌ಹೈಮ್‌ನ ಖನಿಜ ನೀರಿನಲ್ಲಿ ಸೀಸಿಯಂನ ನೀಲಿ ಗೆರೆಗಳನ್ನು ಕಂಡಿದ್ದು ಕ್ಯಾಲ್ಸಿಯಂ, ಸ್ಟ್ರಾನ್ಷಿಯಂಗಳನ್ನೆಲ್ಲ ತೆಗೆದ ಮೇಲೆ. ದೊಡ್ಡ ಲೋಹ ಪಕ್ಕದಲ್ಲಿದ್ದರೆ ಚಿಕ್ಕದು ಕಾಣುವುದಿಲ್ಲ ಅನ್ನುವ ತೊಂದರೆ ಅಷ್ಟು ಹಳೆಯದು.

ಈಗ ನಾನು ಮಾಡುವುದು ಹೀಗೆ. ಅರಿಶಿನ, ಮೆಣಸಿನಪುಡಿ ಇಂಥದ್ದಕ್ಕೆ ಪೊಟ್ಯಾಸಿಯಂ ಬೆರೆಸಿದ ಸ್ಟ್ಯಾಂಡರ್ಡ್, ಜೊತೆಗೆ ಇಟ್ರಿಯಂ, ಹತ್ತಕ್ಕೊಂದು ಸ್ಪೈಕ್. ಮಣ್ಣಿಗೆ ಅಲ್ಯೂಮಿನಿಯಂ ಒಂದನ್ನೇ ಓಡಿಸಿ ತಿದ್ದುಪಡಿ ಅಂಕಿ ತೆಗೆದು ಕಳೆಯುತ್ತೇನೆ, ಆಮೇಲೆ ಅಡಿಷನ್. ಅರಿಶಿನದಲ್ಲಿ ಸೀಸ ಜಾಸ್ತಿ ಕಂಡರೆ ಕ್ರೋಮಿಯಂ 267.716 ಕೂಡ ನೋಡಿ: ಬಣ್ಣಕ್ಕೆ ಲೆಡ್ ಕ್ರೋಮೇಟ್ ಬೆರೆಸಿದ್ದರೆ ಸೀಸ ಮತ್ತು ಕ್ರೋಮಿಯಂ ತೂಕದಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು ಇರುತ್ತವೆ. ಒಂದೇ ಓಟದಲ್ಲಿ ಎರಡೂ ಸಿಗುತ್ತವೆ, ಪುಡಿ ಮಾಡುವ ಯಂತ್ರದ ಉಕ್ಕಿನಿಂದಲೂ ಸ್ವಲ್ಪ ಕ್ರೋಮಿಯಂ ಬರಬಹುದು ಅನ್ನುವುದು ನೆನಪಿರಲಿ.